ವಿಂಡೋಸ್ ಮತ್ತೆ ಹಾಕಿದ ಮೇಲೆ ಹಳೇ ಫೋಲ್ಡರ್ ತೆರೆಯದಿದ್ದಾಗ

ವಿಂಡೋಸ್ 10 ಹೊಸದಾಗಿ ಹಾಕಿದ ಮೇಲೆ ಡಿ ಡ್ರೈವ್‌ನ ಫೋಟೋ ಫೋಲ್ಡರ್ ತೆರೆಯಲು ಹೋದರೆ ‘ಆಕ್ಸೆಸ್ ಡಿನೈಡ್’. ಯೂಸರ್ ಹೆಸರು, ಪಾಸ್‌ವರ್ಡ್ ಎರಡೂ ಹಳೆಯವೇ ಅಲ್ವಾ? ಆದರೆ ಡ್ರೈವ್‌ನಲ್ಲಿ ಫೈಲ್‌ಗಳನ್ನು ಇಡುವ ವಿಂಡೋಸ್‌ನ ವ್ಯವಸ್ಥೆ ಎನ್‌ಟಿಎಫ್‌ಎಸ್ ನೋಡುವುದು ಹೆಸರನ್ನಲ್ಲ, ಎಸ್‌ಐಡಿ ಎಂಬ ಗುರುತಿನ ಸಂಖ್ಯೆಯನ್ನು. ಹೊಸ ಇನ್‌ಸ್ಟಾಲ್‌ನಲ್ಲಿ ಅದು ಬದಲಾಗುತ್ತದೆ. ಮನೆ ಮಾಲೀಕನನ್ನೇ ಹೊಸ ವಾಚ್‌ಮನ್ ಗೇಟಿನಲ್ಲಿ ತಡೆದ ಹಾಗೆ!

ಅಡ್ಮಿನ್ ಅಕೌಂಟ್‌ನಲ್ಲೇ ಇದ್ದೆ. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಸೆಕ್ಯೂರಿಟಿ, ಅಡ್ವಾನ್ಸ್ಡ್‌ಗೆ ಹೋದೆ. ಓನರ್ ಪಕ್ಕದ ‘ಚೇಂಜ್’ ಒತ್ತಿ ನನ್ನ ಹೆಸರು ಕೊಟ್ಟೆ. ಅಲ್ಲೇ ಕೆಳಗಿರುವ ‘ರಿಪ್ಲೇಸ್ ಓನರ್’ ಚೌಕಕ್ಕೆ ಟಿಕ್ ಹಾಕಲೇಬೇಕು, ಇಲ್ಲದಿದ್ದರೆ ಒಳಗಿನ ಫೈಲ್‌ಗಳು ಹಾಗೇ ಉಳಿಯುತ್ತವೆ. ಕಿಟಕಿ ಮುಚ್ಚಿ, ಮತ್ತೆ ತೆರೆದು ಫುಲ್ ಕಂಟ್ರೋಲ್ ಕೊಟ್ಟೆ. ಫೋಟೋ ಜಾಸ್ತಿ ಇದ್ದುದರಿಂದ ಸ್ವಲ್ಪ ಹೊತ್ತು ಹಿಡಿಯಿತು, ಆದರೆ ಎಲ್ಲವೂ ತೆರೆದವು.

ಫೈಲ್‌ಗಳಿಗೆ ಗುಪ್ತ ಬೀಗ ಹಾಕುವ ವಿಂಡೋಸ್‌ನದೇ ಸೌಲಭ್ಯವಾದ ಇಎಫ್‌ಎಸ್‌ನಲ್ಲಿ ಎನ್‌ಕ್ರಿಪ್ಟ್ ಮಾಡಿದ ಫೈಲ್‌ಗೆ ಈ ಉಪಾಯ ನಡೆಯುವುದಿಲ್ಲ. ಅದಕ್ಕೆ ಆ ಬೀಗದ ಕೀಲಿಯಿರುವ ಹಳೇ ಸರ್ಟಿಫಿಕೇಟಿನ ಬ್ಯಾಕಪ್ ಬೇಕು.