ವೋಲ್ಟೇಜ್ ಹರಿಯುವುದಿಲ್ಲ: ವಿನೆಗರ್ ಲೋಟದಲ್ಲಿ ಅಳೆದು ನೋಡಿ

‘ಈ ತಂತಿಯಲ್ಲಿ ಎಷ್ಟು ವೋಲ್ಟ್ ಹರಿಯುತ್ತಿದೆ?’ ಎಂಬ ಪ್ರಶ್ನೆಯಲ್ಲೇ ತಪ್ಪಿದೆ. ಹರಿಯುವುದು ವಿದ್ಯುದಾವೇಶ. ಲೋಹದ ತಂತಿಯಲ್ಲಿ ಅದನ್ನು ಹೊತ್ತು ಸಾಗುವುದು ಎಲೆಕ್ಟ್ರಾನ್. ವೋಲ್ಟೇಜ್ ಎರಡು ಜಾಗಗಳ ನಡುವಿನ ಒಂದು ವ್ಯತ್ಯಾಸ, ಅಷ್ಟೇ. ಆವೇಶ, ಅದರ ಹರಿವು (ಕರೆಂಟ್), ವೋಲ್ಟೇಜ್, ಈ ಮೂರರ ಪರಿಣಾಮವನ್ನೂ ಬೇರೆ ಬೇರೆಯಾಗಿ ಕಣ್ಣಾರೆ ನೋಡಬಹುದು.

ಬೇಕಾದ ಸಾಮಾನು: ಪಾರದರ್ಶಕ ಅಂಟುಪಟ್ಟಿ, ನಾಲ್ಕು ಗಾಜಿನ ಲೋಟ, ಲೋಟಕ್ಕೆ 50 ಮಿಲಿಲೀಟರಿನಂತೆ ಬಿಳಿ ವಿನೆಗರ್, ಸತು ಲೇಪಿಸಿದ (ಗ್ಯಾಲ್ವನೈಸ್ಡ್) ನಾಲ್ಕು ಮೊಳೆ, 8 ಸೆಂಟಿಮೀಟರ್ ಉದ್ದದ ನಾಲ್ಕು ದಪ್ಪ ತಾಮ್ರದ ತಂತಿ, ಕ್ಲಿಪ್ ಇರುವ ಎಂಟು ವೈರ್, 1 ಕಿಲೋ ಓಮ್ ರೆಸಿಸ್ಟರ್ (ಹರಿವಿಗೆ ಅಡ್ಡಿ, ಅಂದರೆ ರೋಧ, ಒಡ್ಡುವ ಬಿಡಿಭಾಗ; ಓಮ್ ಆ ರೋಧದ ಅಳತೆ), ಕೆಂಪು ಎಲ್‌ಇಡಿ, ಡಿಜಿಟಲ್ ಮಲ್ಟಿಮೀಟರ್. ಗೋಡೆಯ ಪ್ಲಗ್ಗಿಗೂ ಈ ಪ್ರಯೋಗಕ್ಕೂ ಯಾವ ಸಂಬಂಧವೂ ಬೇಡ.

ಮೊದಲು ಆವೇಶ

15 ಸೆಂಟಿಮೀಟರ್ ಉದ್ದದ ಎರಡು ಅಂಟುಪಟ್ಟಿ ಕತ್ತರಿಸಿ. ಹಿಡಿಯಲು ಅನುಕೂಲವಾಗುವಂತೆ ತುದಿಯನ್ನು ಸ್ವಲ್ಪ ಮಡಚಿ. ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಅಂಟಿಸಿ, ಸರ್ರನೆ ಕಿತ್ತು, ನೇತಾಡುವಂತೆ ಹಿಡಿದು ಹತ್ತಿರ ತನ್ನಿ. ಒಂದನ್ನೊಂದು ದೂರ ತಳ್ಳುತ್ತವೆ. ಎರಡೂ ಒಂದೇ ಬಗೆಯಲ್ಲಿ ಕಿತ್ತು ಬಂದವು, ಹಾಗಾಗಿ ಒಂದೇ ಬಗೆಯ ಆವೇಶ ಪಡೆದಿವೆ.

ಈಗ ಹೊಸ ಪಟ್ಟಿಗಳನ್ನು ಒಂದರ ಮೇಲೊಂದು ಅಂಟಿಸಿ, ಜೋಡಿಯಾಗಿಯೇ ಮೆಲ್ಲಗೆ ಎಬ್ಬಿಸಿ. ಜೋಡಿಯ ಉದ್ದಕ್ಕೂ ಬೆರಳಾಡಿಸಿದರೆ ಹೆಚ್ಚುವರಿ ಆವೇಶ ಇಳಿದುಹೋಗುತ್ತದೆ. ಆಮೇಲೆ ಎರಡನ್ನೂ ವೇಗವಾಗಿ ಬೇರ್ಪಡಿಸಿ ಹತ್ತಿರ ತಂದರೆ ಸೆಳೆದುಕೊಳ್ಳುತ್ತವೆ. ಒಂದು ಋಣವಾಯಿತು, ಇನ್ನೊಂದು ಅಷ್ಟೇ ಪ್ರಮಾಣದಲ್ಲಿ ಧನವಾಯಿತು. ಆವೇಶ ಹೊಸದಾಗಿ ಹುಟ್ಟಲಿಲ್ಲ. ಇದ್ದದ್ದೇ ಎರಡು ಕಡೆ ಹಂಚಿಹೋಯಿತು.

ಇಲ್ಲಿ ಮೋಸಹೋಗುವ ಜಾಗವೊಂದಿದೆ. ಬೆರಳನ್ನು ಹತ್ತಿರ ಒಯ್ದರೆ ಎರಡೂ ಪಟ್ಟಿಗಳು ಅದರತ್ತ ಬಾಗುತ್ತವೆ, ಬೆರಳಿನಲ್ಲಿ ಹೆಚ್ಚುವರಿ ಆವೇಶವೇ ಇಲ್ಲದಿದ್ದರೂ! ಪಟ್ಟಿಯ ಆವೇಶದಿಂದ ಬೆರಳಿನೊಳಗಿನ ಆವೇಶಗಳು ತುಸು ಸರಿದು ನಿಲ್ಲುವುದೇ ಇದಕ್ಕೆ ಕಾರಣ. ಆದ್ದರಿಂದ ಸೆಳೆತ ಕಂಡ ಮಾತ್ರಕ್ಕೆ ಎರಡರಲ್ಲೂ ಆವೇಶವಿದೆ ಎನ್ನುವಂತಿಲ್ಲ; ವಿಕರ್ಷಣೆ (ದೂರ ತಳ್ಳುವುದು) ಕಂಡರೆ ಮಾತ್ರ ಖಚಿತ. ಮಳೆಯ ದಿನ, ತೇವದ ಗಾಳಿಯಲ್ಲಿ ಪಟ್ಟಿಗಳು ಸುಮ್ಮನೆ ಜೋತುಬಿದ್ದರೆ ಅಚ್ಚರಿಪಡಬೇಡಿ, ಆವೇಶ ಸೋರಿಹೋಗಿರುತ್ತದೆ.

ಒಂದು ಎಲೆಕ್ಟ್ರಾನಿನ ಆವೇಶ 1.602 × 10⁻¹⁹ ಕೂಲಂ (ಆವೇಶದ ಅಳತೆ), ಋಣ. ಒಂದು ಕೂಲಂ ಆಗಬೇಕಾದರೆ ಸುಮಾರು 6.24 × 10¹⁸ ಎಲೆಕ್ಟ್ರಾನ್ ಬೇಕು. ಬ್ರಿಟಿಷ್ ಭೌತವಿಜ್ಞಾನಿ ಜೆ. ಜೆ. ಥಾಮ್ಸನ್ ಈ ಕಣವನ್ನು ಗುರುತಿಸಿದ್ದು 1897ರಲ್ಲಿ. ಧನ, ಋಣ ಎಂಬ ಹೆಸರುಗಳು ಅದಕ್ಕಿಂತ ನೂರು ವರ್ಷಕ್ಕೂ ಹಿಂದೆಯೇ ಬಳಕೆಗೆ ಬಂದಿದ್ದವು. ಕರೆಂಟ್ ಧನದಿಂದ ಋಣದ ಕಡೆಗೆ ಹರಿಯುತ್ತದೆಂದು ಬಾಣ ಬರೆಯುವ ಪದ್ಧತಿ ಹಾಗೆಯೇ ಉಳಿಯಿತು. ತಂತಿಯೊಳಗಿನ ಎಲೆಕ್ಟ್ರಾನ್ ಮಾತ್ರ ಎದುರು ದಿಕ್ಕಿಗೆ ಸಾಗುತ್ತದೆ. ಲೆಕ್ಕಕ್ಕೆ ಇದರಿಂದ ತೊಂದರೆಯಿಲ್ಲ.

ಕೋಶ ಕಟ್ಟಿ, ವೋಲ್ಟೇಜ್ ಅಳೆಯಿರಿ

ಒಂದು ಲೋಟ ವಿನೆಗರಿನಲ್ಲಿ ಒಂದು ಮೊಳೆ, ಒಂದು ತಾಮ್ರದ ತಂತಿ ಇಳಿಬಿಡಿ. ಇದೇ ಒಂದು ಕೋಶ (ಸೆಲ್). ಎರಡೂ ಪರಸ್ಪರ ತಾಗಬಾರದು. ತಂತಿಗೆ ಎನಾಮಲ್ ಲೇಪವಿದ್ದರೆ ಮರಳುಕಾಗದದಿಂದ ಉಜ್ಜಿ ತೆಗೆಯಿರಿ. ಮೀಟರ್ ಸೊನ್ನೆ ತೋರಿಸಿದರೆ ಮೊದಲು ಅನುಮಾನಿಸಬೇಕಾದ್ದು ಇವೆರಡನ್ನೇ.

ಮೀಟರನ್ನು 2 ವೋಲ್ಟ್ ಡಿ.ಸಿ. ವ್ಯಾಪ್ತಿಗೆ ತಿರುಗಿಸಿ. ಕೆಂಪು ಮೊನೆ ತಾಮ್ರಕ್ಕೆ, ಕಪ್ಪು ಮೊನೆ ಮೊಳೆಗೆ. ಸುಮಾರು 0.9 ವೋಲ್ಟ್ ಕಾಣುತ್ತದೆ. ಮೊನೆಗಳನ್ನು ಅದಲುಬದಲು ಮಾಡಿ: ಅದೇ ಅಂಕೆ, ಮುಂದೆ ಋಣ ಚಿಹ್ನೆ. ಒಂದೇ ಮೊನೆ ತಾಗಿಸಿದರೆ ಅರ್ಥವಿರುವ ಅಂಕೆಯೇ ಬರುವುದಿಲ್ಲ. ಬೆಟ್ಟದ ಎತ್ತರವನ್ನು ಎಲ್ಲಿಂದ ಎಂದು ಹೇಳದೆ ಹೇಳಲಾಗದು. ವೋಲ್ಟೇಜೂ ಹಾಗೆಯೇ, ಯಾವಾಗಲೂ ಎರಡು ಬಿಂದುಗಳ ಮಾತು. ಒಂದು ವೋಲ್ಟ್ ಎಂದರೆ ಕೂಲಂ ಒಂದಕ್ಕೆ ಒಂದು ಜೂಲ್ ಶಕ್ತಿಯ ವ್ಯತ್ಯಾಸ.

ಈ ಶಕ್ತಿ ವಿನೆಗರ್ ಒಂದರಿಂದಲೇ ಬಂದದ್ದಲ್ಲ, ಸತು ಕರಗುವುದರಿಂದ ಸಿಗುತ್ತದೆ. ಕರಗುವ ಪ್ರತಿ ಸತುವಿನ ಪರಮಾಣು ಎರಡು ಎಲೆಕ್ಟ್ರಾನ್‌ಗಳನ್ನು ಮೊಳೆಯಲ್ಲೇ ಬಿಟ್ಟುಹೋಗುತ್ತದೆ. ಹೊರಗೆ ದಾರಿ ಸಿಕ್ಕರೆ ಅವು ವೈರಿನ ಮೂಲಕ ತಾಮ್ರದ ಕಡೆ ಹೋಗಿ, ಅಲ್ಲಿ ಹೈಡ್ರೋಜನ್ ಅಯಾನುಗಳನ್ನು (ಆವೇಶ ಹೊತ್ತ ಪರಮಾಣುಗಳನ್ನು) ಸೇರಿ ಅನಿಲದ ಗುಳ್ಳೆಗಳಾಗುತ್ತವೆ. ದ್ರವದೊಳಗೆ ಓಡಾಡುವುದು ಅಯಾನುಗಳು, ಬಿಡಿ ಎಲೆಕ್ಟ್ರಾನ್‌ಗಳಲ್ಲ.

ಹರಿವು ಶುರುವಾದಾಗ

ಇಡೀ ಪ್ರಯೋಗದಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಈ ಹಂತಕ್ಕೆ. ಮೀಟರನ್ನು ಹಾಗೇ ಇಟ್ಟುಕೊಂಡು, ಮೊಳೆಗೂ ತಾಮ್ರಕ್ಕೂ ನಡುವೆ 1 ಕಿಲೋ ಓಮ್ ರೆಸಿಸ್ಟರ್ ಜೋಡಿಸಿ. ಅಂಕೆ ಥಟ್ಟನೆ ಕುಸಿಯುತ್ತದೆ. 0.9ರಿಂದ 0.5 ವೋಲ್ಟಿಗೆ ಇಳಿಯಿತು ಎಂದುಕೊಳ್ಳಿ. ಓಮ್ ನಿಯಮದಂತೆ ಕರೆಂಟ್ = ವೋಲ್ಟೇಜ್ ÷ ರೋಧ = 0.5 ÷ 1000 = 0.5 ಮಿಲಿ ಆಂಪಿಯರ್. ಅಂದರೆ ಸೆಕೆಂಡಿಗೆ 0.0005 ಕೂಲಂ, ಸುಮಾರು 3.1 × 10¹⁵ ಎಲೆಕ್ಟ್ರಾನ್‌ಗಳು. ಕಾಣೆಯಾದ 0.4 ವೋಲ್ಟ್ ಕೋಶದೊಳಗೇ ಖರ್ಚಾಗಿದೆ, 0.4 ÷ 0.0005 = 800 ಓಮ್, ಅದು ಕೋಶದ ಆಂತರಿಕ ರೋಧ. ನಿಮ್ಮ ಅಂಕೆ ಬೇರೆ ಇರುತ್ತದೆ, ಲೆಕ್ಕದ ದಾರಿ ಇದೇ.

ಅಂಕೆಯನ್ನು ಬೇಗ ಬರೆದುಕೊಳ್ಳಿ. ತಾಮ್ರದ ಮೇಲೆ ಗುಳ್ಳೆ ಕೂತಂತೆ ವೋಲ್ಟೇಜ್ ಇನ್ನೂ ಜಾರುತ್ತದೆ. ತಂತಿಯನ್ನು ಅಲುಗಾಡಿಸಿದರೆ ತುಸು ಚೇತರಿಸಿಕೊಳ್ಳುತ್ತದೆ.

ಅಂದಹಾಗೆ ಎಲೆಕ್ಟ್ರಾನ್‌ಗಳು ಮಿಂಚಿನ ವೇಗದಲ್ಲಿ ಓಡುತ್ತವೆ ಎಂಬುದೂ ತಪ್ಪು ಕಲ್ಪನೆ. 1 ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿಯಲ್ಲಿ 1 ಆಂಪಿಯರ್ ಹರಿಯುವಾಗಲೂ ಅವು ಸರಾಸರಿ ಮುಂದೆ ಸರಿಯುವುದು ಸೆಕೆಂಡಿಗೆ 0.07 ಮಿಲಿಮೀಟರ್ ಮಾತ್ರ. ಸ್ವಿಚ್ ಒತ್ತಿದ ಕೂಡಲೇ ದೀಪ ಹತ್ತುವುದು, ತಂತಿಯ ಉದ್ದಕ್ಕೂ ಇರುವ ಎಲೆಕ್ಟ್ರಾನ್‌ಗಳು ಹೆಚ್ಚುಕಡಿಮೆ ಒಟ್ಟಿಗೇ ಹೊರಡುವುದರಿಂದ.

ನಾಲ್ಕು ಲೋಟ, ಒಂದು ದೀಪ

ಕೆಂಪು ಎಲ್‌ಇಡಿಗೆ ಸುಮಾರು 1.8 ವೋಲ್ಟ್ ಬೇಕು, ಒಂದು ಲೋಟ ಸಾಲದು. ಮೊದಲ ಲೋಟದ ತಾಮ್ರಕ್ಕೆ ಎರಡನೆಯದರ ಮೊಳೆ, ಎರಡನೆಯದರ ತಾಮ್ರಕ್ಕೆ ಮೂರನೆಯದರ ಮೊಳೆ, ಹೀಗೆ ಸರಣಿಯಲ್ಲಿ ಜೋಡಿಸಿ. ಮೀಟರನ್ನು 20 ವೋಲ್ಟ್ ವ್ಯಾಪ್ತಿಗೆ ಬದಲಿಸಿ, ಎರಡು ತುದಿಗಳ ನಡುವೆ ಅಳೆದರೆ ಸುಮಾರು 3.6 ವೋಲ್ಟ್. ಎಲ್‌ಇಡಿಯ ಉದ್ದ ಕಾಲು ಕೊನೆಯ ತಾಮ್ರಕ್ಕೆ, ಗಿಡ್ಡ ಕಾಲು ಮೊದಲ ಮೊಳೆಗೆ. ಕೋಣೆ ಕತ್ತಲಾಗಿರಲಿ, ಬೆಳಕು ಮಂದ. ಪ್ರತಿ ಕೋಶಕ್ಕೆ 800 ಓಮ್ ಹಿಡಿದರೆ ಒಟ್ಟು 3200 ಓಮ್, (3.6 − 1.8) ÷ 3200, ಅಂದರೆ ಅರ್ಧ ಮಿಲಿ ಆಂಪಿಯರಿಗಿಂತ ತುಸು ಹೆಚ್ಚು. ಆ ಆಂತರಿಕ ರೋಧವೇ ಎಲ್‌ಇಡಿಯನ್ನು ಕಾಯುತ್ತದೆ. 9 ವೋಲ್ಟ್ ಬ್ಯಾಟರಿಗೆ ಇದೇ ಎಲ್‌ಇಡಿಯನ್ನು ನೇರವಾಗಿ ಜೋಡಿಸಿದರೆ ಸುಟ್ಟುಹೋಗುತ್ತದೆ.

ನಾಲ್ಕೂ ಮೊಳೆಗಳನ್ನು ಒಟ್ಟಿಗೆ, ನಾಲ್ಕೂ ತಾಮ್ರಗಳನ್ನು ಒಟ್ಟಿಗೆ ಸಮಾಂತರವಾಗಿ ಕಟ್ಟಿದರೆ ವೋಲ್ಟೇಜ್ 0.9ರಲ್ಲೇ ನಿಲ್ಲುತ್ತದೆ, ದೀಪ ಹತ್ತುವುದಿಲ್ಲ. ಆದರೆ 1 ಕಿಲೋ ಓಮ್ ಜೋಡಿಸಿದಾಗ ಆಗುವ ಕುಸಿತ ಈ ಸಲ ಕಡಿಮೆ. ಆಂತರಿಕ ರೋಧ ನಾಲ್ಕನೇ ಒಂದಕ್ಕೆ ಇಳಿದಿರುತ್ತದೆ.

ಮೀಟರಿನ ಕೆಂಪು ವೈರ್ ಆಂಪಿಯರ್ ಕಿಂಡಿಯಲ್ಲಿರುವಾಗ ವೋಲ್ಟೇಜ್ ಅಳೆಯಲು ಹೋಗಬೇಡಿ. ಆಗ ಮೀಟರ್ ಬರೀ ತಂತಿಯಂತೆ ವರ್ತಿಸುತ್ತದೆ. ವಿನೆಗರ್ ಕೋಶ ಸಹಿಸೀತು; ಲಿಥಿಯಂ ಬ್ಯಾಟರಿಯಾದರೆ ಮೀಟರಿನ ಫ್ಯೂಸ್ ಹೋಗುವುದಲ್ಲದೆ ಬೆಂಕಿಯ ಅಪಾಯವೂ ಉಂಟು. ಬಳಸಿದ ವಿನೆಗರಿನಲ್ಲಿ ಸತು ಕರಗಿರುತ್ತದೆ, ಅದನ್ನು ಅಡುಗೆಗೆ ಬಳಸದೆ ಚೆಲ್ಲಿ. ಮೊಳೆಯ ಲೇಪ ಸವೆದು ಕಬ್ಬಿಣ ಕಂಡರೆ ವೋಲ್ಟೇಜ್ ಇಳಿಯುತ್ತದೆ; ಮುಂದಿನ ಸಲಕ್ಕೆ ಹೊಸ ಮೊಳೆ ತೆಗೆದುಕೊಳ್ಳಿ.