ಹಾಫ್ ಮ್ಯಾರಥಾನ್‌ಗೆ ಹೆಸರು ಕೊಡುವ ಮುಂಚೆ ನಾಲ್ಕು ವಾರ

ಹಾಫ್ ಮ್ಯಾರಥಾನ್ ಅಂದರೆ 21.0975 ಕಿಲೋಮೀಟರ್. ವಾರಕ್ಕೆ ಎರಡು ಮೂರು ದಿನ ನಾಲ್ಕೈದು ಕಿ.ಮೀ. ಓಡುವ ಅಭ್ಯಾಸ ಇರುವವರಿಗೆ ಇದು ಎಟುಕದ ದೂರವಲ್ಲ. ಆದರೆ ಶುಲ್ಕ ಕಟ್ಟಿ, ಆಮೇಲೆ ತಯಾರಿ ಶುರುಮಾಡಿದರೆ ತಾರೀಕು ಹತ್ತಿರ ಬಂದ ಹಾಗೆ ಕಾಲಿನ ಮೇಲೆ ಒತ್ತಡ ಬೀಳುತ್ತದೆ. ನಾನು ಮೊದಲು ನಾಲ್ಕು ವಾರದ ಪರೀಕ್ಷೆ ಇಟ್ಟುಕೊಂಡೆ, ಅದು ಮುಗಿದ ಮೇಲೆ ಹೆಸರು ಕೊಟ್ಟೆ.

ಪರೀಕ್ಷೆ ಇಷ್ಟೇ: ಮಂಗಳವಾರ, ಗುರುವಾರ 35 ನಿಮಿಷ, ಭಾನುವಾರ 6 ಕಿ.ಮೀ. ನಾಲ್ಕು ವಾರಕ್ಕೆ 12 ಓಟ, ಅದರಲ್ಲಿ 10 ಆದರೂ ನಡೆದಿರಬೇಕು. ವೇಗದ ಲೆಕ್ಕ ಇಲ್ಲ. ಏಳೆಂಟಕ್ಕೇ ನಿಂತಿದ್ದರೆ ದೋಷ ಕಾಲಿನದಲ್ಲ. ದಿನಚರಿಯಲ್ಲಿ ಸದ್ಯಕ್ಕೆ ಜಾಗವಿಲ್ಲ. ಮುಂದೆ ಹತ್ತನೇ ವಾರದಲ್ಲಿ ಭಾನುವಾರದ ಓಟ ಒಂದಕ್ಕೇ ಎರಡೂಕಾಲು ಗಂಟೆ ಬೇಕು, ವಾರಕ್ಕೆ ಒಟ್ಟು ನಾಲ್ಕು ಗಂಟೆ. ಅಷ್ಟು ಹೊತ್ತು ಹೊಂದಿಸಲಾಗದ ವರ್ಷ 10 ಕಿ.ಮೀ. ಓಟಕ್ಕೆ ಹೋಗುವುದೇ ಒಳ್ಳೆಯದು. ಬಿಪಿ, ಸಕ್ಕರೆ ಕಾಯಿಲೆ, ಏದುಸಿರು, ಎದೆ ಹಿಡಿದಂತಾಗುವುದು ಇದ್ದವರು ಈ ಪರೀಕ್ಷೆಗೂ ಮೊದಲು ವೈದ್ಯರನ್ನು ಕಾಣಬೇಕು.

ಚಿಕ್ಕಮಗಳೂರಿನಲ್ಲಿ ಶುರುಮಾಡಲು ಸೆಪ್ಟೆಂಬರ್ ಕೊನೆಯೇ ಸರಿ. ಮಳೆ ಇಳಿದಿರುತ್ತದೆ, ಬಿಸಿಲು ಏರಿರುವುದಿಲ್ಲ. ಪರೀಕ್ಷೆಯ ನಾಲ್ಕು ವಾರ, ತಯಾರಿಯ 12 ವಾರ ಸೇರಿ ಜನವರಿ ಮಧ್ಯಕ್ಕೆ ಬಂದು ನಿಲ್ಲುತ್ತದೆ. ತೋಟ ಇರುವವರಿಗೆ ಒಂದು ಕಷ್ಟವಿದೆ: ಕಾಫಿ ಕೊಯ್ಲಿನ ಭರ, ಅತಿ ಉದ್ದದ ಓಟಗಳು ಎರಡೂ ಒಂದೇ ತಿಂಗಳಿಗೆ ಬರುತ್ತವೆ. ಅದನ್ನು ಈಗಲೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಹನ್ನೆರಡು ವಾರದ ಭಾನುವಾರಗಳನ್ನು ನಾನು ಹೀಗೆ ಹಂಚಿಕೊಂಡೆ: 7, 8, 9, 7, 10, 12, 13, 10, 15, 17, 12 ಕಿ.ಮೀ., ಹನ್ನೆರಡನೆಯದು ಓಟದ ದಿನ. ಮಂಗಳವಾರ 5, ಗುರುವಾರ 6 ಕಿ.ಮೀ. ಬದಲಾಗದೆ ಉಳಿದವು, ಕೊನೆಯ ವಾರ ಮಾತ್ರ ಎರಡು ದಿನವೂ 3. ಅಭ್ಯಾಸದಲ್ಲಿ 21 ಕಿ.ಮೀ. ಓಡಲೇಬೇಕೆಂದಿಲ್ಲ, 17 ಓಡಿದ ಕಾಲು ಉಳಿದ ನಾಲ್ಕನ್ನು ಎಳೆದುಕೊಂಡು ಹೋಗುತ್ತದೆ.

ನಾಲ್ಕನೇ ಮತ್ತು ಎಂಟನೇ ವಾರ ದೂರ ಇಳಿಸಿರುವುದನ್ನು ದಯವಿಟ್ಟು ಬಿಡಬೇಡಿ. ಕೆಲವೇ ವಾರದಲ್ಲಿ ಉಸಿರು ಪಳಗುತ್ತದೆ, ಇನ್ನೂ ಓಡಬಹುದು ಅನ್ನಿಸುತ್ತದೆ. ಮೂಳೆ, ಸ್ನಾಯುರಜ್ಜು ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು. ಹೊಸಬರಿಗೆ ನೋವು ಬರುವುದು ಈ ಅಂತರದಲ್ಲೇ. ಮೊಣಕಾಲಿಗೂ ಪಾದಕ್ಕೂ ನಡುವಿನ ಮೂಳೆಯ ಒಳಅಂಚಿನಲ್ಲಿ ಉದ್ದಕ್ಕೂ ಹರಡಿದ ನೋವಾದರೆ ಒಂದು ವಾರ ಓಟ ಬಿಟ್ಟು ನಡೆದರೆ ಸಾಮಾನ್ಯವಾಗಿ ತಗ್ಗುತ್ತದೆ. ಬೆರಳಿಟ್ಟು ತೋರಿಸುವಂತೆ ಒಂದೇ ಜಾಗದಲ್ಲಿ ನೋವಿದ್ದು, ರಾತ್ರಿ ಮಲಗಿದಾಗಲೂ ಇದ್ದರೆ ಮೂಳೆಯಲ್ಲಿ ಬಿರುಕಿರಬಹುದು. ಆಗ ಓಡಿ ನೋಡುವುದು ಬೇಡ, ಮೂಳೆ ವೈದ್ಯರ ಹತ್ತಿರ ಹೋಗಿ.

ಎಲ್ಲ ಭಾನುವಾರಗಳ ವೇಗಕ್ಕೂ ಒಂದೇ ಅಳತೆ: ಪಕ್ಕದವರೊಡನೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು. ನನಗೆ ಅದು ಕಿಲೋಮೀಟರಿಗೆ 7 ನಿಮಿಷ 45 ಸೆಕೆಂಡಿನ ಆಸುಪಾಸು. ನಮ್ಮೂರಲ್ಲಿ ಈ ಮಾತು ಇನ್ನೂ ಮುಖ್ಯ, ಯಾಕೆಂದರೆ ಸಮತಟ್ಟು ರಸ್ತೆ ಕಡಿಮೆ. ಏರಿನಲ್ಲಿ ವಾಚ್ ನೋಡಿಕೊಂಡು ಅದೇ ವೇಗ ಹಿಡಿದರೆ ಉಸಿರು ಕಟ್ಟುತ್ತದೆ. ಹೆಜ್ಜೆ ಚಿಕ್ಕದು ಮಾಡಿ, ಉಸಿರು ಒಂದೇ ಹದದಲ್ಲಿ ಇರಲಿ, ವೇಗ ಬಿದ್ದರೆ ಬೀಳಲಿ.

ಊರು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ, ಕಡೂರು ಅದಕ್ಕಿಂತ 300 ಮೀಟರಿಗೂ ಹೆಚ್ಚು ಕೆಳಗೆ. ಹಾಗಾಗಿ ಕಡೂರು ರಸ್ತೆಯಲ್ಲಿ ಹೋಗುವಾಗ ಹಗುರ, ದಣಿದು ತಿರುಗಿದಾಗ ಏರು. ಒಟ್ಟು ದೂರದ ಅರ್ಧಕ್ಕಿಂತ ಒಂದು ಕಿ.ಮೀ. ಮೊದಲೇ ತಿರುಗಿ, ಉಳಿದದ್ದನ್ನು ಊರೊಳಗೆ ಮುಗಿಸಿಕೊಳ್ಳುವುದು ಕ್ಷೇಮ. ಮುಳ್ಳಯ್ಯನಗಿರಿ ಕಡೆಯ ಕೈಮರ ರಸ್ತೆ ಏರಿನ ಅಭ್ಯಾಸಕ್ಕೆ ಚೆನ್ನ, ಆದರೆ ಶನಿವಾರ-ಭಾನುವಾರ ಪ್ರವಾಸಿಗರ ವಾಹನ ವಿಪರೀತ. ಅದನ್ನು ಗುರುವಾರಕ್ಕೆ ಇಟ್ಟುಕೊಂಡೆ: 2 ಕಿ.ಮೀ. ನಿಧಾನವಾಗಿ ಓಡಿ ಮೈ ಬಿಸಿ ಮಾಡಿಕೊಂಡು, ಒಂದು ನಿಮಿಷ ಏರು ಹತ್ತುವುದು, ನಡೆದು ಇಳಿಯುವುದು, ಹೀಗೆ ಆರು ಸಲ, ಉಳಿದದ್ದು ನಿಧಾನ. ಇಳಿಜಾರಿನಲ್ಲಿ ಓಡಿದರೆ ತೊಡೆಯ ಮುಂಭಾಗದ ಸ್ನಾಯು ಎಳೆತದಲ್ಲಿದ್ದುಕೊಂಡೇ ಭಾರ ತಡೆಯಬೇಕಾಗುತ್ತದೆ. ಅದರ ನೋವು ಎರಡನೇ ದಿನ ಮೆಟ್ಟಿಲು ಇಳಿಯುವಾಗ ಗೊತ್ತಾಗುತ್ತದೆ, ಭಾನುವಾರದ ಓಟ ಕೆಡುತ್ತದೆ.

ರಸ್ತೆಯ ಬಲಬದಿಯಲ್ಲಿ, ಎದುರು ಬರುವ ವಾಹನ ಕಾಣುವಂತೆ ಓಡಿ. ಬಲಕ್ಕೆ ಕುರುಡು ತಿರುವು ಬಂದರೆ ಮಾತ್ರ ಮುಂಚೆಯೇ ಎಡಕ್ಕೆ ದಾಟಿಕೊಳ್ಳಿ. ನಾಯಿ ಅಟ್ಟಿಸಿಕೊಂಡು ಬಂದರೆ ಓಟ ನಿಲ್ಲಿಸಿ ನಡೆಯಬೇಕು, ಓಡಿದಷ್ಟೂ ಬೆನ್ನು ಹತ್ತುತ್ತವೆ. ತೋಟದ ರಸ್ತೆಗೆ ಕತ್ತಲಲ್ಲಿ ಹೋಗಲೇಬೇಡಿ. ಆನೆ ಓಡಾಡುವ ಕಡೆ ಮಂಜು ಪೂರ್ತಿ ಕರಗಿದ ಮೇಲೂ ಊರವರನ್ನು ಕೇಳಿಯೇ ಹೋಗಬೇಕು.

ಶೂ ಸಂಜೆ ಹೊತ್ತು ಕೊಳ್ಳಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳ ಅಗಲ ಜಾಗ ಬೇಕು, ಇಲ್ಲದಿದ್ದರೆ ಇಳಿಜಾರಿನಲ್ಲಿ ಉಗುರು ಕಪ್ಪಾಗುತ್ತದೆ. ಮಳೆಗೆ ನೆಂದ ಶೂವನ್ನು ಬಚ್ಚಲೊಲೆ ಹತ್ತಿರ ಇಟ್ಟರೆ ಅಂಟು ಬಿಡುತ್ತದೆ, ಅಡಿಯ ಫೋಮ್ ಹಾಳಾಗುತ್ತದೆ. ಒಳಗೆ ಹಳೇ ಪತ್ರಿಕೆ ತುರುಕಿ, ಎರಡು ಗಂಟೆಗೊಮ್ಮೆ ಬದಲಿಸಿ, ನೆರಳಲ್ಲಿ ಒಣಗಿಸಿ. ಓಟದ ದಿನಕ್ಕೆ ಹೊಸ ಶೂ, ಹೊಸ ಕಾಲುಚೀಲ ಎರಡೂ ಬೇಡ. ತೊಡೆಸಂದಿಗೆ, ಕಂಕುಳಿಗೆ ವ್ಯಾಸಲೀನ್ ಹಚ್ಚುವುದನ್ನು 10 ಕಿ.ಮೀ. ದಾಟಿದ ವಾರದಿಂದಲೇ ರೂಢಿ ಮಾಡಿಕೊಳ್ಳಿ.

ಹೊರಡುವ ಒಂದೂವರೆ ಗಂಟೆ ಮುಂಚೆ ಎರಡು ಏಲಕ್ಕಿ ಬಾಳೆ, ಒಂದು ಲೋಟ ಕಾಫಿ. ಹೊಟ್ಟೆ ಖಾಲಿಯಾಗಲೂ ಅಷ್ಟು ಹೊತ್ತು ಬೇಕು. ಓಟ ಒಂದೂಕಾಲು ಗಂಟೆ ಮೀರುವ ದಿನ 40 ನಿಮಿಷಕ್ಕೊಮ್ಮೆ ನಾಲ್ಕು ಖರ್ಜೂರ, ಮೇಲೆ ಎರಡು ಗುಟುಕು ನೀರು. ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಕಲಸಬೇಕು; ಗಟ್ಟಿ ಮಾಡಿದರೆ ಹೊಟ್ಟೆ ತೊಳಸುತ್ತದೆ.

ಓಟದ ದಿನದ ವೇಗಕ್ಕೆ ಒಂದು ಒರಟು ಲೆಕ್ಕ: 10 ಕಿ.ಮೀ.ಗೆ ಹಿಡಿಯುವ ಹೊತ್ತನ್ನು 2.2ರಿಂದ ಗುಣಿಸಿ. 65 ನಿಮಿಷವಾದರೆ 143. ಮೊದಲ ಸಲಕ್ಕೆ ಅದರ ಮೇಲೆ ಏಳು ನಿಮಿಷ ಬಿಟ್ಟುಕೊಟ್ಟು ಎರಡೂವರೆ ಗಂಟೆ ಅಂತ ಇಟ್ಟುಕೊಳ್ಳಿ, ಅಂದರೆ ಕಿ.ಮೀ.ಗೆ 7 ನಿಮಿಷ 7 ಸೆಕೆಂಡು. ಮೊದಲ ಐದು ಕಿ.ಮೀ. 7:20ರಲ್ಲಿ ಹೋದರೆ ಕಳೆಯುವುದು ಒಂದೇ ನಿಮಿಷ ಚಿಲ್ಲರೆ. ಮಂಗಳೂರಿನಂಥ ಕರಾವಳಿ ಊರಿನಲ್ಲಿ ಓಟವಿದ್ದರೆ ಬೆವರು ಆರುವುದಿಲ್ಲ, ಈ ಲೆಕ್ಕ ಹಿಡಿಯಬಾರದು. ಅಂಥದ್ದಕ್ಕೆ ಕೊನೆಯ ಎರಡು ವಾರ ಮಂಗಳವಾರ, ಗುರುವಾರದ ಓಟವನ್ನು ಬೆಳಿಗ್ಗೆ ಹತ್ತರ ಬಿಸಿಲಿಗೆ ಹಾಕಿಕೊಳ್ಳಿ, ಬಾಟಲಿ ಕೈಯಲ್ಲಿರಲಿ.