ಪೌರತ್ವವುಳ್ಳ ಸಂಗಾತಿಯಿಂದ ವಿಚ್ಛೇದನವಾದರೆ ಗ್ರೀನ್ ಕಾರ್ಡ್ ಏನಾಗುತ್ತದೆ?

ಅಮೆರಿಕದ ಪೌರತ್ವ ಇರುವವರನ್ನು ಮದುವೆಯಾಗಿ ಇಲ್ಲಿಗೆ ಬಂದ ನಮ್ಮ ಹೆಣ್ಣುಮಕ್ಕಳನ್ನು ಬಾಳಲಾಗದ ಮನೆಯಲ್ಲಿ ಕಟ್ಟಿಹಾಕಲು "ನಾನು ಬಿಟ್ಟರೆ ನಿನ್ನ ಗ್ರೀನ್ ಕಾರ್ಡೂ ಹೋಗುತ್ತದೆ" ಎಂಬ ಒಂದು ಬೆದರಿಕೆ ಸಾಕಾಗುತ್ತಿದೆ. ಆ ಮಾತು ಸುಳ್ಳು. ಗ್ರೀನ್ ಕಾರ್ಡ್ ಎಂದರೆ ಇಲ್ಲಿ ಕಾಯಂ ನಿವಾಸಿಯಾಗಿರುವ ಹಕ್ಕಿನ ಕಾರ್ಡ್; ಹತ್ತು ವರ್ಷದ ಕಾರ್ಡ್ ಬಂದಿದ್ದರೆ ವಿಚ್ಛೇದನವಾಯಿತೆಂಬ ಕಾರಣಕ್ಕೆ ಅದು ರದ್ದಾಗುವುದಿಲ್ಲ.

ತೊಡಕಿರುವುದು ಎರಡು ವರ್ಷದ ಷರತ್ತಿನ ಕಾರ್ಡಿನಲ್ಲಿ. ಕಾಯಂ ನಿವಾಸಿಯಾದ ದಿನಕ್ಕೆ ಮದುವೆಯಾಗಿ ಎರಡು ವರ್ಷ ತುಂಬಿರದವರಿಗೆ ಸಿಗುವುದು ಇದೇ. ಇದರ ಅವಧಿ ಮುಗಿಯುವ ಮುಂಚಿನ 90 ದಿನಗಳಲ್ಲಿ ಷರತ್ತನ್ನು ತೆಗೆಸಲು ದಂಪತಿಗಳು ಒಟ್ಟಾಗಿ ಐ-751 ಎಂಬ ಅರ್ಜಿ ಸಲ್ಲಿಸಬೇಕು. ವಿಚ್ಛೇದನವಾಗಿದ್ದರೆ ಜಂಟಿ ಸಹಿಯಿಂದ ವಿನಾಯಿತಿ ಕೋರಿ ಒಬ್ಬರೇ ಸಲ್ಲಿಸಬಹುದು, ಅದಕ್ಕೆ ಆ 90 ದಿನಗಳಿಗಾಗಿ ಕಾಯಬೇಕಿಲ್ಲ. ಮನೆಯಲ್ಲಿ ಹಿಂಸೆ ನಡೆದಿದ್ದರೆ ವಿಚ್ಛೇದನಕ್ಕೂ ಕಾಯಬೇಕಿಲ್ಲ. ಮೊಕದ್ದಮೆ ಇನ್ನೂ ಮುಗಿದಿಲ್ಲವೆಂದು ಕಾರ್ಡಿನ ಗಡುವು ದಾಟಲು ಮಾತ್ರ ಬಿಡದೆ, ವಲಸೆ ಕಾನೂನಿನ ವಕೀಲರನ್ನು ಬೇಗನೆ ಕಾಣಿರಿ.

ನಮ್ಮವರು ಹೆಚ್ಚಾಗಿ ಸೋಲುವುದು ದಾಖಲೆಗಳ ವಿಷಯದಲ್ಲಿ. ಮದುವೆ ಮನಃಪೂರ್ವಕವಾಗಿಯೇ ಆದದ್ದು ಎಂದು ಸಾಬೀತುಪಡಿಸಬೇಕಾದವರು ನೀವು. ಧಾರೆಯ ಫೋಟೋ, ಲಗ್ನಪತ್ರಿಕೆಗಳಷ್ಟೇ ಅದಕ್ಕೆ ಸಾಲುವುದಿಲ್ಲ. ಇಬ್ಬರ ಹೆಸರಿನ ಬಾಡಿಗೆ ಕರಾರು, ಜಂಟಿ ತೆರಿಗೆ ವಿವರ, ಬ್ಯಾಂಕ್ ಖಾತೆ, ವಿಮೆ, ಮಕ್ಕಳ ಜನನ ಪ್ರಮಾಣಪತ್ರ ಇವು ಬೇಕು. ನಮ್ಮ ಮನೆಗಳಲ್ಲಿ ಹಣಕಾಸೆಲ್ಲ ಗಂಡನ ಹೆಸರಿನಲ್ಲಿರುವುದು, ಹೆಂಡತಿಯ ಪಾಸ್‌ಪೋರ್ಟ್ ಕೂಡ ಅವನ ಬೀರುವಿನಲ್ಲಿರುವುದು ಸಹಜವೆನಿಸಿಬಿಟ್ಟಿದೆ. ಸಂಬಂಧ ಚೆನ್ನಾಗಿರುವಾಗಲೇ ಪ್ರತಿಗಳನ್ನು ತೆಗೆದಿರಿಸಿಕೊಳ್ಳಿ. ಅದರಲ್ಲಿ ಅಪನಂಬಿಕೆಯೇನೂ ಇಲ್ಲ.

"ಸ್ವಲ್ಪ ದಿನ ತವರಿನಲ್ಲಿದ್ದು ಬಾ" ಎಂದು ಕಳುಹಿಸಿದಾಗಲೂ ಎಚ್ಚರವಿರಲಿ. ಹೊರಡುವ ಮೊದಲೇ ಮರುಪ್ರವೇಶ ಪರವಾನಗಿಗೆ ಅರ್ಜಿ ಹಾಕದೆ ಒಂದು ವರ್ಷ ಅಥವಾ ಹೆಚ್ಚು ಕಾಲ ಊರಿನಲ್ಲಿ ಉಳಿದರೆ, ವಿಚ್ಛೇದನದಿಂದ ಹೋಗದ ಕಾರ್ಡ್ ಗೈರುಹಾಜರಿಯಿಂದ ಹೋಗಬಹುದು. ತಂದೆತಾಯಿಯ ಮಡಿಲು ಬೇಕೆನಿಸುವ ಹೊತ್ತಿನಲ್ಲಿ ಈ ಲೆಕ್ಕ ಹೇಳುವುದು ನನಗೂ ಕಷ್ಟ, ಆದರೂ ಹೇಳಲೇಬೇಕು.

ವಿಚ್ಛೇದನವಾದರೆ, ಪೌರರ ಸಂಗಾತಿಗೆ ಮೂರೇ ವರ್ಷಕ್ಕೆ ಪೌರತ್ವಕ್ಕೆ ಅರ್ಜಿ ಹಾಕಲು ಇರುವ ರಿಯಾಯಿತಿ ಸಾಮಾನ್ಯವಾಗಿ ತಪ್ಪಿ, ಐದು ವರ್ಷ ಕಾಯಬೇಕಾಗುತ್ತದೆ. ಮನೆ ಬದಲಿಸಿದರೆ 10 ದಿನಗಳೊಳಗೆ ವಲಸೆ ಇಲಾಖೆಗೆ ಹೊಸ ವಿಳಾಸ ತಿಳಿಸಬೇಕು.

ಮಕ್ಕಳಿದ್ದರೆ, ನ್ಯಾಯಾಲಯದ ಆದೇಶವಿಲ್ಲದೆ ಅವರನ್ನು ಕರೆದುಕೊಂಡು ಊರಿಗೆ ಹೋಗಿಬಿಡುವ ಯೋಚನೆ ಬೇಡ. ಅದು ಇಲ್ಲಿ ಅಪರಾಧವಾಗಬಹುದು. ಮಗು ಯಾರ ಮನೆಯಲ್ಲಿ ಬೆಳೆಯುತ್ತದೆ ಎಂಬುದರೊಂದಿಗೆ ಅದರ ಕನ್ನಡವೂ, ಅಜ್ಜಿಯೊಡನೆ ಆಡುವ ಮಾತೂ ತೀರ್ಮಾನವಾಗುತ್ತದೆ, ಅದನ್ನೂ ವಕೀಲರ ಮುಂದೆ ಹೇಳಿಕೊಳ್ಳಿ. ವಿಚ್ಛೇದಿತರು ಯುಗಾದಿಗೂ ರಾಜ್ಯೋತ್ಸವಕ್ಕೂ ಬರುವುದನ್ನು ನಿಲ್ಲಿಸುತ್ತಾರೆ, ನಾವೂ ಕರೆಯುವುದನ್ನು ಮರೆಯುತ್ತೇವೆ; ಈ ಒಂಟಿತನವನ್ನು ಯಾವ ಅರ್ಜಿಯೂ ನೀಗುವುದಿಲ್ಲ. ನ್ಯೂಜೆರ್ಸಿಯ ಮಾನವಿ, ಕ್ಯಾಲಿಫೋರ್ನಿಯಾದ ಮೈತ್ರಿ ಸಂಸ್ಥೆಗಳು ದಕ್ಷಿಣ ಏಷ್ಯಾದ ಮಹಿಳೆಯರಿಗಾಗಿಯೇ ಇವೆ. ಮೊದಲ ಕರೆ ಅಲ್ಲಿಗೆ ಮಾಡಿ, ಎರಡನೆಯದನ್ನು ಕನ್ನಡ ಕೂಟದಲ್ಲಿ ನೀವು ನಂಬುವ ಯಾರಿಗಾದರೂ ಮಾಡಿ.